ಕೆರೆ ಹಿಡ್ಕೊಂಡು ಮೂರು ದಿನ: ಬೆಳಗೊಳದಿಂದ ತೊಣ್ಣೂರಿಗೆ ಕರಿ ಸೈಕಲ್‌ನಲ್ಲಿ

ಹೋದ ತಿಂಗಳು ನಮ್ಮ ಸೈಕಲ್ ಗುಂಪಿನ ಇಬ್ಬರು ಮನೆಗೇ ಬಂದು "ಶ್ರವಣಬೆಳಗೊಳದಿಂದ ಪಾಂಡವಪುರದ ಹತ್ರದ ತೊಣ್ಣೂರಿಗೆ ಕೆರೆ ಹಿಡ್ಕೊಂಡು ಹೋದ್ಯಲ್ಲ, ಆ ರೂಟ್ ಸ್ವಲ್ಪ ಬರ್ಕೊಡಪ್ಪಾ" ಅಂದ್ರು. ಗೇರ್ ಇಲ್ಲದ ಇಪ್ಪತ್ತೆಂಟು ಇಂಚಿನ ಕರಿ ಸೈಕಲ್ ತಗೊಂಡು ಕೆರೆ ಏರಿ ಮೇಲೆ ಹೋಗ್ತೀನಿ ಅಂದಾಗ "ಮೊದಲನೇ ದಿನವೇ ಬಸ್ ಹತ್ತಿ ವಾಪಸ್ ಬರ್ತೀಯ" ಅಂದಿದ್ದೋರು ಇವರೇ. ಒಂದು ಸಲ ಅಲ್ಲ, ಎರಡು ಸಲ ಅರ್ಧಕ್ಕೇ ವಾಪಸ್ ಬಂದೆ, ಅದು ನಿಜ. ಮೂರನೇ ಸಲ ಆಯ್ತು. ಅದಕ್ಕೇ ಇದನ್ನ ಬರೀತಿದೀನಿ.

ಮೊದಲನೇ ಸಲ ಎಲ್ಲರೂ ಮಾಡೋ ಹಾಗೇ ಮಾಡ್ದೆ. ದಿನಕ್ಕೆ 800 ರೂಪಾಯಿ ಬಾಡಿಗೆಗೆ ಗೇರ್ ಸೈಕಲ್ ತಗೊಂಡು, ಪಾಂಡವಪುರದಲ್ಲಿ ಇಳಿದು ಮೇಲುಕೋಟೆ, ಅಲ್ಲಿಂದ ಕೆ.ಆರ್.ಪೇಟೆ, ಕಿಕ್ಕೇರಿ, ಶ್ರವಣಬೆಳಗೊಳ ಅಂತ ಮೇನ್ ರೋಡ್‌ನಲ್ಲೇ. ಮಾರ್ಚ್ ತಿಂಗಳು, ಬಿಸಿಲು ಅಂದ್ರೆ ಬಿಸಿಲು, ಮೊದಲನೇ ದಿನವೇ ಮೇಲುಕೋಟೆ ಏರು ಹತ್ತಿ ಕಾಲು ಕಲ್ಲಾಯ್ತು. ಸಾಲದ್ದಕ್ಕೆ ನಾನು ಹೋಗಿದ್ದು ವೈರಮುಡಿ ಉತ್ಸವದ ವಾರ, ಊರಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ರೂಮ್ ಎಲ್ಲಿ ಸಿಗುತ್ತೆ, ರಾತ್ರಿ ಮತ್ತೆ ಜಕ್ಕನಹಳ್ಳಿಗೆ ಇಳಿದು ಬಂದು ಒಬ್ಬರ ಅಂಗಡಿ ಜಗಲಿ ಮೇಲೆ ಮಲಗಿದ್ದೆ. ಮಾರನೇ ದಿನ ಲಾರಿಗಳ ಪಕ್ಕದಲ್ಲಿ ನಲವತ್ತು ಕಿ.ಮೀ. ತುಳಿದು ಸಾಕಾಯ್ತು. ಬಾಡಿಗೆ, ಡೆಪಾಸಿಟ್‌ನಲ್ಲಿ ಹಿಡ್ಕೊಂಡಿದ್ದು, ವಾಪಸ್ ಟೆಂಪೋ ಎಲ್ಲ ಸೇರಿ ಆರೂವರೆ ಸಾವಿರದ ಹತ್ತಿರ ಹೋಯ್ತು, ನೋಡಿದ್ದು ಎರಡೇ ದೇವಸ್ಥಾನ.

ಆದ್ರೆ ಆವತ್ತು ಒಂದು ವಿಷಯ ತಲೆಗೆ ಹೋಯ್ತು. ಬೆಳಗೊಳದ ನೆಲ ಪಾಂಡವಪುರಕ್ಕಿಂತ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ನಾನು ನೀರಿನ ಎದುರಿಗೆ ಹೋಗ್ತಿದ್ದೆ. ನೀರು ಹೋಗೋ ಕಡೆಗೇ ನಾನೂ ಹೋದ್ರೆ? ಆ ಸೀಮೆಲಿ ಕೆರೆಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡಿವೆ, ಮೇಲಿನ ಕೆರೆ ಕೋಡಿ ಬಿದ್ರೆ ಹಳ್ಳ ಹಿಡ್ಕೊಂಡು ಕೆಳಗಿನ ಕೆರೆಗೆ ಹೋಗುತ್ತೆ, ಅದು ತುಂಬಿ ಅದರ ಕೆಳಗಿನದಕ್ಕೆ. ಹಳೇ ಕಾಲದಲ್ಲಿ ಊರು ಕಟ್ಟೋರು ಕೆರೆ ಕಟ್ಟಿಸಿ, ದೇವಸ್ಥಾನ ಕಟ್ಟಿಸಿ, ತೂಬಿನ ಕೆಳಗೆ ಗದ್ದೆ ದತ್ತಿ ಬಿಡ್ತಿದ್ರು, ಶಾಸನಗಳಲ್ಲಿ ಮತ್ತೆ ಮತ್ತೆ ಬರೋದೇ ಇದು. ಅಂದ್ರೆ ಕೆರೆ ಹಿಡ್ಕೊಂಡು ಹೋದ್ರೆ ದೇವಸ್ಥಾನ ತಾನಾಗೇ ಸಿಗುತ್ತೆ, ಇಳಿಜಾರೂ ಸಿಗುತ್ತೆ. ನನ್ನ ಇಡೀ ವಿಧಾನ ಅಂದ್ರೆ ಇಷ್ಟೇ.

ಮ್ಯಾಪ್ ಓದೋದು ಹೇಗೆ ಅಂತ ಹೇಳ್ತೀನಿ, ಇದರಲ್ಲೇ ಎರಡು ತಿಂಗಳು ಕಳ್ದಿದೀನಿ. ಸ್ಯಾಟಲೈಟ್ ಚಿತ್ರದಲ್ಲಿ ಕೆರೆಯ ಮೂರು ಕಡೆ ಅಂಚು ಸೊಟ್ಟಪಟ್ಟ ಇರುತ್ತೆ, ಒಂದು ಕಡೆ ಮಾತ್ರ ಗೆರೆ ಎಳೆದ ಹಾಗೆ, ಅದೇ ಏರಿ. ಗೆರೆಯ ಈಚೆ, ನೀರಿಲ್ಲದ ಕಡೆ ಹಸಿರು ಗದ್ದೆ ಬಯಲು, ಅಂದ್ರೆ ಕೆರೆ ನೀರು ಹಾಯೋ ಅಚ್ಚುಕಟ್ಟು, ಅದು ತಗ್ಗು. ಏರಿಯ ಒಂದು ತುದಿಲಿ ಬಿಳಿ ಕಲ್ಲು ಹಾಸಿದ ಹಾಗೆ ಕಂಡ್ರೆ ಅದು ಕೋಡಿ, ಅಲ್ಲಿಂದ ಹೊರಟ ಹಳ್ಳ ಮುಂದಿನ ಕೆರೆಗೆ ಹೋಗುತ್ತೆ. ಎತ್ತರ ತೋರ್ಸೋ ಆಪ್ ಏನೂ ಬೇಡ. ಆದ್ರೆ ಯಾವ ಏರಿ ಮೇಲೆ ಸೈಕಲ್ ಹೋಗುತ್ತೆ, ಯಾವುದರ ಮೇಲೆ ಬರೀ ಮುಳ್ಳುಪೊದೆ ಅಂತ ಚಿತ್ರದಲ್ಲೇ ಗುರುತು ಹಿಡಿಯೋಕೆ ಒಂದು ಉಪಾಯ ಇದೆ, ಅದನ್ನ ಇಲ್ಲಿ ಹೇಳಲ್ಲ, ಅದಕ್ಕೆ ನಾನು ಪಟ್ಟ ಪಾಡು ಜಾಸ್ತಿ.

ಎರಡನೇ ಸಲಕ್ಕೆ ನನ್ನದೇ ಸೈಕಲ್. ಹಳೇ ಕರಿ ಸೈಕಲ್ 1800ಕ್ಕೆ ಸಿಕ್ತು, ರಿಪೇರಿಗೆ ಇನ್ನೊಂದು 1500. ಪೆಡಲ್ ಹತ್ರದ ಚಕ್ರಹಲ್ಲು 44, ಹಿಂದಿನ ಚಕ್ರದ ಹಲ್ಲುಗಾಲಿ, ಅಂದ್ರೆ ಫ್ರೀವೀಲ್, 18 ಹಲ್ಲಿಂದಿತ್ತು, ಅದನ್ನ ಬಿಚ್ಚಿ 22 ಹಲ್ಲಿಂದು ಹಾಕಿಸ್ದೆ. ಚೂಡಿ (ಥ್ರೆಡ್) ಒಂದೇ, ಸೀದಾ ಕೂತ್ಕೊಳ್ತು, ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸ್ಬೇಕಾಯ್ತು ಅಷ್ಟೆ. ಒಟ್ಟು ಖರ್ಚು 350 ಇರ್ಬೇಕು. ಪೆಡಲ್ ಒಂದು ಸುತ್ತಿಗೆ ಐದೂವರೆ ಮೀಟರ್ ಹೋಗ್ತಿದ್ದ ಸೈಕಲ್ ಹೆಚ್ಚುಕಮ್ಮಿ ನಾಲ್ಕೂವರೆಗೆ ಇಳೀತು, ಸಮತಟ್ಟಲ್ಲಿ ನಿಧಾನ ಆದ್ರೂ ಸಣ್ಣ ದಿಣ್ಣೆಗಳನ್ನ ಕೂತ್ಕೊಂಡೇ ಹತ್ತಬಹುದು. ಗುಂಪಿನಲ್ಲಿ ಎಂಬತ್ತು ಸಾವಿರದ ಸೈಕಲ್ ಇಟ್ಕೊಂಡೋರು ಇದನ್ನ ಎತ್ತಿ ನೋಡಿ ಇಪ್ಪತ್ತು ಕೆಜಿ ಮೇಲಿದೆ ಅಂದ್ರು. ಇರ್ಲಿ, ಅದರ ಕ್ಯಾರಿಯರ್ ಮೇಲೆ ಒಂದು ಮೂಟೆ ರಾಗಿ ಹೇರಬಹುದು, ಮುರಿದ್ರೆ ಯಾವ ಹಳ್ಳಿಲಾದ್ರೂ ಬೆಸುಗೆ ಹಾಕ್ತಾರೆ.

ತಪ್ಪು ಮಾಡಿದ್ದು ಕಾಲದಲ್ಲಿ. ಕೆರೆ ತುಂಬಿರುತ್ತೆ, ನೋಡೋಕೆ ಚೆನ್ನಾಗಿರುತ್ತೆ ಅಂತ ಅಕ್ಟೋಬರ್‌ನಲ್ಲಿ ಹೋದೆ. ಕೆಮ್ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಚ್ಕೊಂಡು ಚಕ್ರ ಸುತ್ತೋದೇ ನಿಂತೋಗ್ತಿತ್ತು, ಕಡ್ಡಿ ತಗೊಂಡು ಕೆರೆಯೋದು, ನೂರು ಅಡಿ ಹೋಗೋದು, ಮತ್ತೆ ಕೆರೆಯೋದು. ಒಂದು ಕಡೆ ಕೋಡಿ ಬಿದ್ದು ದಾರಿ ಮೇಲೆ ಮೊಣಕಾಲುದ್ದ ನೀರು, ಒಂಬತ್ತು ಕಿ.ಮೀ. ಸುತ್ಕೊಂಡು ಬಂದೆ. ಇನ್ನು ಮುಳ್ಳು. ಕೆರೆ ಅಂಗಳದಲ್ಲಿ ಅರಣ್ಯದೋರು ಹಿಂದೆ ಗೊಬ್ಬಳಿ ಮರ ಹಾಕ್ಸಿದಾರಲ್ಲ, ಅದರ ಮುಳ್ಳು ಎರಡಿಂಚು, ಹೊಸ ಟೈರನ್ನೂ ಬಿಡಲ್ಲ, ಜೊತೆಗೆ ನೆಗ್ಗಿಲು ಬೇರೆ. "ಏರಿ ಮ್ಯಾಕೆ ಓಗ್ಬ್ಯಾಡಿ ಸಾ, ಎತ್ತೇ ಕುಂಟ್ತವೆ" ಅಂತ ದನ ಕಾಯೋ ಯಜಮಾನ್ರು ಮೊದಲೇ ಹೇಳಿದ್ರು, ನಾನು ಕೇಳ್ಲಿಲ್ಲ. ಒಂದೇ ದಿನ ಏಳು ಪಂಚರ್. ಸಲ್ಯೂಷನ್ ಮುಗೀತು, ಪ್ಯಾಚ್ ಮುಗೀತು, ಕಿಕ್ಕೇರಿಲಿ ಸೈಕಲ್ ಬಿಟ್ಟು ಬಸ್ ಹತ್ತಿದೆ, ವಾರ ಬಿಟ್ಟು ಹೋಗಿ ಲಗೇಜ್ ಗಾಡಿಲಿ ತರಿಸ್ಕೊಂಡೆ. ಅದಕ್ಕೇ 2200. ಗುಂಪಿನೋರಿಗೆ ನಾನು ಸೋತಿದ್ದು ಆಗ ಖಾತ್ರಿ ಆಗಿತ್ತು.

ಮೂರನೇ ಸಲಕ್ಕೆ ಸಂಕ್ರಾಂತಿ ಮುಗಿಯೋವರೆಗೂ ಕಾದೆ. ಏರಿ ಒಣಗಿರುತ್ತೆ, ಕೆರೇಲಿ ಇನ್ನೂ ನೀರಿರುತ್ತೆ, ಬೆಳಗ್ಗೆ ಚಳಿ. ಹಳೇ ಟ್ಯೂಬ್ ಉದ್ದಕ್ಕೆ ಸೀಳಿ, ವಾಲ್ ಕತ್ತರಿಸಿ ತೆಗೆದು, ಟೈರಿಗೂ ಟ್ಯೂಬಿಗೂ ನಡುವೆ ಪಟ್ಟಿ ಹಾಗೆ ಹಾಸ್ದೆ. ಪಟ್ಟಿಯ ಎರಡು ತುದಿ ಸೇರೋ ಕಡೆ ಒಂದರ ಮೇಲೊಂದು ಬರಬಾರದು, ಬಂದ್ರೆ ಅಲ್ಲೇ ಉಜ್ಜಿ ತೂತಾಗುತ್ತೆ, ಅದು ನನಗೆ ಮನೆ ಹತ್ರ ಟ್ರಯಲ್ ಮಾಡುವಾಗಲೇ ಗೊತ್ತಾಗಿದ್ದು. ಟ್ಯೂಬ್ ಒಳಗೆ ಒಂದು ದ್ರವ ಕೂಡ ಬಿಟ್ಟಿದ್ದೆ, ಅಂಗಡಿಲಿ ಸಿಗೋದಲ್ಲ, ನಾನೇ ಮಾಡಿದ್ದು, ಅದರ ಪಾಕ ಸದ್ಯಕ್ಕೆ ನನ್ನ ಹತ್ರವೇ ಇರ್ಲಿ. ಗಾಳಿ ಗಟ್ಟಿಯಾಗಿ ತುಂಬಿಸ್ಲಿಲ್ಲ, ಹೆಬ್ಬೆರಳು ಒತ್ತಿದ್ರೆ ಸ್ವಲ್ಪ ತಗ್ಗಬೇಕು ಅಷ್ಟು. ಮಡ್‌ಗಾರ್ಡ್ ವಾಷರ್ ಕೊಟ್ಟು ಒಂದು ಬೆರಳು ಮೇಲೆತ್ತಿದೆ. ಮೂರು ದಿನಕ್ಕೆ ಪಂಚರ್ ಆಗಿದ್ದು ಒಂದೇ ಒಂದು!

ಬೆಂಗಳೂರಿನಿಂದ ಹಾಸನದ ಕಡೆ ಹೋಗೋ ರೈಲಿನಲ್ಲಿ ಸೈಕಲ್‌ನ ಬ್ರೇಕ್ ವ್ಯಾನಿಗೆ (ಲಗೇಜ್ ಹಾಕೋ ಬೋಗಿ) ಹಾಕಿಸಿ ಬೆಳಗೊಳದಲ್ಲಿ ಇಳಿಸ್ಕೊಂಡೆ. ರೈಲು ನಿಲ್ಲೋದು ಸ್ವಲ್ಪ ಹೊತ್ತು, ಹಿಂದಿನ ಸ್ಟೇಷನ್‌ನಲ್ಲೇ ಗಾರ್ಡ್ ಹತ್ರ ಹೋಗಿ ಒಂದು ಮಾತು ಹೇಳಿರ್ಬೇಕು. ಗೊಮ್ಮಟನ್ನ ಎಲ್ಲರೂ ನೋಡಿರ್ತೀರ, ನಾನು ಬೆಳಗ್ಗೆ ಮೊದಲು ಹೋಗಿದ್ದು ಜಿನನಾಥಪುರಕ್ಕೆ, ಚಿಕ್ಕಬೆಟ್ಟದ ಆಚೆ. ಅಲ್ಲಿನ ಶಾಂತಿನಾಥ ಬಸದಿ ಹೊರಗೋಡೆ ಕೆತ್ತನೆ ನೋಡ್ದೇ ಬೆಳಗೊಳದಿಂದ ವಾಪಸ್ ಬರೋರು ಎಷ್ಟೋ ಜನ, ಅದು ನನಗೆ ನಿಜಕ್ಕೂ ಬೇಜಾರು.

ಅಲ್ಲಿಂದ ಕಿಕ್ಕೇರಿಗೆ ಕೆರೆ ಕೆರೆ ಹಿಡ್ಕೊಂಡು ಬಂದ್ರೆ ಇಪ್ಪತ್ತೈದು ಕಿ.ಮೀ. ಆಯ್ತು, ರೋಡ್‌ನಲ್ಲಾದ್ರೆ ಇನ್ನೂ ಕಮ್ಮಿ. ಆದ್ರೆ ಲಾರಿ ಒಂದೂ ಸಿಗ್ಲಿಲ್ಲ, ಸಿಕ್ಕಿದ್ದು ಎತ್ತಿನ ಗಾಡಿ, ಕೊಕ್ಕರೆ, ಬಟ್ಟೆ ಒಗೆಯೋ ಹೆಂಗಸರು. ಕಿಕ್ಕೇರಿಯ ಬ್ರಹ್ಮೇಶ್ವರ ದೇವಸ್ಥಾನ 1171ರದ್ದು, ಹೊಯ್ಸಳ ಒಂದನೇ ನರಸಿಂಹನ ಕಾಲ, ಕಟ್ಟಿಸಿದ್ದು ಬಮ್ಮವ್ವೆ ನಾಯಕಿತಿ ಅನ್ನೋ ಹೆಣ್ಣುಮಗಳು. ಒಳಗಿನ ಕಂಬಗಳ ಮೇಲೆ ಮದನಿಕೆಯರಿದ್ದಾರೆ, ಬೆಳಕು ಕಮ್ಮಿ, ಟಾರ್ಚ್ ಇಟ್ಕೊಂಡಿರಿ. ಹೋದ ಸಲ ಸೈಕಲ್ ಬಿಟ್ಟು ಹೋದ ಊರಿಗೆ ಅದೇ ಸೈಕಲ್ ಮೇಲೆ ಕೂತ್ಕೊಂಡು ಬಂದಾಗ ಆದ ಸಂತೋಷ ಹೇಳೋಕಾಗಲ್ಲ, ಕೆರೆ ಹತ್ರ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಮಧ್ಯಾಹ್ನ ಗೋವಿಂದನಹಳ್ಳಿ. ಪಂಚಲಿಂಗೇಶ್ವರ, ಐದು ಗುಡಿ ಸಾಲಾಗಿ ಒಂದೇ ಉದ್ದನೇ ಕಟ್ಟಡದಲ್ಲಿ, ದ್ವಾರಪಾಲಕರ ಮೇಲೆ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ನಾನು ಹೋದಾಗ ಇಡೀ ದೇವಸ್ಥಾನದಲ್ಲಿ ನಾನೊಬ್ಬನೇ, ಬೀಗದ ಕೈ ಇಟ್ಕೊಂಡೋರನ್ನ ಊರೊಳಗೆ ಹುಡುಕಿ ಕರ್ಕೊಂಡು ಬಂದೆ.

ಇಲ್ಲೊಂದು ಎಚ್ಚರಿಕೆ. ಆ ಕಾಲದಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಜನ ಟಾರ್ ರೋಡ್ ಮೇಲೇ ಹುಲ್ಲು ಹರಡಿರ್ತಾರೆ. ಕಾರು ಹೋದ್ರೆ ಅವರಿಗೆ ಕೆಲಸ ಆಗುತ್ತೆ, ನಮಗೆ ಮಾತ್ರ ಹುಲ್ಲು ಫ್ರೀವೀಲಿಗೆ ಸುತ್ಕೊಂಡು ಹಗ್ಗದ ಹಾಗೆ ಬಿಗಿಯುತ್ತೆ. ಮೊದಲು ಹುಲ್ಲು ಸಿಕ್ಕಾಗ ನಾನು ಗೊತ್ತಾಗ್ದೇ ಜೋರಾಗಿ ತುಳಿದೆ, ಚೈನ್ ಕಳಚಿ ಕಡ್ಡಿಗಳ ಒಳಗೆ ಬಿತ್ತು, ಬಿಡಿಸೋಕೆ ಮುಕ್ಕಾಲು ಗಂಟೆ, ಎರಡು ಸ್ಪೋಕ್ ಬಾಗಿದ್ವು. ಆಮೇಲೆ ಹುಲ್ಲು ಕಂಡ್ರೆ ಇಳಿದು ತಳ್ಕೊಂಡೇ ಹೋಗ್ತಿದ್ದೆ. ಸೊಂಟದಲ್ಲಿ ಒಂದು ಸಣ್ಣ ಕುಡುಗೋಲು ತರಹದ್ದು ಇದ್ರೆ ಒಳ್ಳೇದು.

ರಾತ್ರಿ ಕೆ.ಆರ್.ಪೇಟೆ, ಲಾಡ್ಜ್ 600. ಮಾರನೇ ದಿನ ಹೊಸಹೊಳಲು, ಊರಿಂದ ಎರಡು ಮೂರು ಕಿ.ಮೀ. ಅಷ್ಟೆ. ಲಕ್ಷ್ಮೀನಾರಾಯಣ ಸುಮಾರು 1250ರದ್ದು, ಸೋಮೇಶ್ವರನ ಕಾಲ. ಗೋಡೆ ಮೇಲಿನ ರಾಮಾಯಣ, ಭಾರತದ ಪಟ್ಟಿಕೆಯನ್ನ ಬೆಳಗಿನ ಬೆಳಕಲ್ಲೇ ನೋಡ್ಬೇಕು. ಅಲ್ಲಿಂದ ಅಗ್ರಹಾರ ಬಾಚಹಳ್ಳಿಗೆ ಅಡ್ಡದಾರಿ ಹಿಡಿದೆ. ಗುಂಪಿನೋರು "ಅಲ್ಲೇನಿದೆ" ಅಂದ ಊರು ಅದು. ಅಲ್ಲಿರೋದು ಗರುಡರ ಕಂಬಗಳು, ಎತ್ತರದ ಕಂಬ, ತುದಿಲಿ ಕಲ್ಲಿನ ಆನೆ, ಮೇಲೆ ಕೂತ ಸವಾರರು. ಹೊಯ್ಸಳ ರಾಜ ಸತ್ರೆ ನಾವೂ ಜೊತೆಗೇ ಪ್ರಾಣ ಬಿಡ್ತೀವಿ ಅಂತ ಭಾಷೆ ಕೊಟ್ಟೋರೇ ಗರುಡರು, ಇಲ್ಲಿನೋರು ಒಂದೇ ಮನೆತನ, ತಲೆಮಾರು ತಲೆಮಾರು ಹಾಗೇ ಪ್ರಾಣ ಕೊಟ್ಟಿದಾರೆ. ಆ ಕಂಬದ ಕೆಳಗೆ ನಿಂತ್ಕೊಂಡಾಗ ನನಗೆ ಮಾತೇ ಬರ್ಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ವು, ಸಂತೋಷ, ಆದ್ರೆ ಈ ಕಂಬಗಳ ಹತ್ರ ನಾನು ಕಳೆದ ಒಂದು ಗಂಟೇಲಿ ಇನ್ನೊಬ್ಬ ನೋಡೋನು ಬರ್ಲಿಲ್ಲ.

ಮಧ್ಯೆ ಒಂದು ಬೇರೆ ಪ್ರಯೋಗ ಮಾಡ್ದೆ, ನಾಲೆ ಏರಿ ಮೇಲೆ ಹೋಗೋದು. ಹೇಮಾವತಿ ನಾಲೆ ನೆಲದ ಮಟ್ಟ ಹಿಡ್ಕೊಂಡು ಬಳಸಿ ಬಳಸಿ ಹೋಗುತ್ತೆ, ಇಳಿಜಾರು ಕಣ್ಣಿಗೇ ಕಾಣಲ್ಲ, ಒಂದು ಗಂಟೆಗೆ ಹದಿನಾಲ್ಕು ಹದಿನೈದು ಕಿ.ಮೀ. ಆರಾಮಾಗಿ ಬಂತು. ಆದ್ರೆ ಅದು ಊರುಗಳನ್ನ ತಪ್ಪಿಸ್ಕೊಂಡು ಹೋಗುತ್ತೆ, ನೆರಳಿಲ್ಲ, ಟೀ ಇಲ್ಲ, ತಡೆಗೋಡೆ ಇಲ್ಲ, ಪಕ್ಕದಲ್ಲಿ ನೀರು ಜೋರಾಗಿ ಓಡ್ತಿರುತ್ತೆ. ಹತ್ತು ಕಿ.ಮೀ.ಗೇ ಬಿಟ್ಟೆ. ಸಂಜೆ ಮೇಲೆ ಅಲ್ಲಿಗೆ ಯಾರೂ ಹೋಗ್ಬೇಡಿ. ಚೈನಿಗೆ ಕೊಬ್ಬರಿ ಎಣ್ಣೆ ಹಾಕಿ ನೋಡಿದ್ದು ಹಿಂದಿನ ಸಲ, ಧೂಳು ಹಿಡಿದು ಗಸಿ ಆಗಿತ್ತು. ಈ ಸಲ ಚೈನ್ ಬಿಚ್ಚಿ ಕರಗಿಸಿದ ಮೇಣದಬತ್ತಿಲಿ ಮುಳುಗಿಸಿ ಹಾಕಿದ್ದೆ, ಮೂರು ದಿನ ಕೈಗೆ ಮಸಿ ಹತ್ತಲಿಲ್ಲ.

ಸಿಂಧಘಟ್ಟದ ಕೆರೆ ದಾಟಿದ ಮೇಲೆ ಮೇಲುಕೋಟೆ ಬೆಟ್ಟಸಾಲು ಅಡ್ಡ ಬರುತ್ತೆ. ನೀರಿನ ಜೊತೆ ಹೋಗೋ ವಿಧಾನ ಇಲ್ಲಿ ಮುರಿಯುತ್ತೆ, ಯಾಕಂದ್ರೆ ಈ ಕಡೆ ನೀರು ಹೇಮಾವತಿಗೆ, ಆ ಕಡೆ ನೀರು ಲೋಕಪಾವನಿ ಹೊಳೆಗೆ. ಈ ಒಂದು ಏರು ಮಾತ್ರ ತಪ್ಪಿಸೋಕಾಗಲ್ಲ, ಇಳಿದು ತಳ್ದೆ, ಒಂದೂವರೆ ಎರಡು ಕಿ.ಮೀ. ಇರ್ಬೇಕು. ಆದ್ರೆ ಈ ಸಲ ಅದು ಎರಡನೇ ದಿನದ ಕೊನೆಗೆ, ಬಿಸಿಲು ಇಳಿದ ಮೇಲೆ, ಮುಂದೆ ಇರೋದೆಲ್ಲ ಇಳಿಜಾರೇ ಅಂತ ಗೊತ್ತಿದ್ದು ತಳ್ಳೋದು ಬೇರೆ. ಮೇಲುಕೋಟೇಲಿ ಈ ಸಲ ರೂಮ್ ಸಲೀಸಾಗಿ ಸಿಕ್ತು, 500. ಪುಳಿಯೋಗರೆ ಎರಡು ಪ್ಲೇಟ್.

ಮೂರನೇ ದಿನ ತುಳಿದಿದ್ದೇ ಕಮ್ಮಿ. ರಾಯಗೋಪುರ ನೋಡ್ಕೊಂಡು ಬೆಟ್ಟ ಇಳಿದೆ, ಬ್ರೇಕ್ ಕಟ್ಟೆ ಸುಟ್ಟ ವಾಸನೆ ಬಂತು, ಎರಡು ಕಡೆ ನಿಲ್ಲಿಸಿ ರಿಮ್ ಆರಿಸ್ಕೊಂಡೆ. ಹತ್ತು ಗಂಟೆ ಹೊತ್ತಿಗೆ ತೊಣ್ಣೂರು ಕೆರೆ. ಎರಡು ಬೆಟ್ಟದ ನಡುವಿನ ಸಂದಿಗೆ ಅಷ್ಟೇ ಏರಿ ಹಾಕಿ ಅಷ್ಟು ದೊಡ್ಡ ನೀರು ನಿಲ್ಲಿಸಿದಾರೆ ಅಂದ್ರೆ ಆ ಜಾಗ ಆರಿಸಿದೋರ ಕಣ್ಣಿಗೆ ಕೈ ಮುಗೀಬೇಕು. ನೀರು ಎಷ್ಟು ತಿಳಿ ಅಂದ್ರೆ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ನೋಡಿ ಮೋತಿ ತಲಾಬ್, ಅಂದ್ರೆ ಮುತ್ತಿನ ಕೆರೆ ಅಂತ ಹೆಸರಿಟ್ಟನಂತೆ. ನಂಬಿನಾರಾಯಣನ ಗುಡಿ ನೋಡ್ಕೊಂಡು ಬಂದು ಏರಿ ಮೇಲೆ ಸೈಕಲ್ ನಿಲ್ಲಿಸಿ ಫೋಟೋ ತೆಗೆದು ಗುಂಪಿಗೆ ಹಾಕ್ದೆ. ಪಾಂಡವಪುರದ ದಾರೀಲಿ ಒಂದು ಆಲೆಮನೆ, ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಟ್ರು, ದುಡ್ಡು ತಗೊಳ್ಳಲಿಲ್ಲ.

ಒಟ್ಟು 140 ಕಿ.ಮೀ. ಹತ್ತಿರ, ಸುತ್ತಾಡಿದ್ದು ಸೇರಿ. ರೈಲು, ಲಗೇಜ್ ಚೀಟಿ, ರೂಮ್, ಊಟ ಎಲ್ಲ ಸೇರಿ 3100 ದಾಟಿಲ್ಲ, ಮೊದಲನೇ ಸಲದ ಅರ್ಧ. ಕೇಳಿದ ಇಬ್ಬರಿಗೂ ಕೆರೆಗಳ ಹೆಸರು ಬರ್ಕೊಟ್ಟಿದೀನಿ, ಕಿಕ್ಕೇರಿ ಹತ್ರ ನಾನು ಮಧ್ಯಾಹ್ನ ಮಲಗಿದ ಮಂಟಪ ಒಂದನ್ನ ಬಿಟ್ಟು. ಮುಂದಿನ ಸಂಕ್ರಾಂತಿ ಆದ್ಮೇಲೆ ಅರಸೀಕೆರೆ, ಹಾರನಹಳ್ಳಿ ಕಡೆ ನೋಡ್ತಿದೀನಿ, ಮ್ಯಾಪ್‌ನಲ್ಲಿ ಹದಿನೇಳು ಕೆರೆ ಗುರುತು ಮಾಡಿ ಆಗಿದೆ. ಫ್ರೀವೀಲ್ 22 ಹಲ್ಲಿಂದೇ ಇರುತ್ತೆ, ಚೈನ್ ಮಾತ್ರ ಜಗ್ಗಿದೆ, ಹೊಸದು ಹಾಕಿಸ್ಬೇಕು.