ಬ್ಲ್ಯಾಕ್‌ಪೂಲ್‌ಗೆ ಹೊರಟಿದ್ದೀರಾ? ಮೊದಲು ಉಬ್ಬರದ ಸಮಯ ನೋಡಿ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದವರು ಲಂಡನ್ ನೋಡದೆ ಬರುವುದಿಲ್ಲ. ಮ್ಯಾಂಚೆಸ್ಟರ್ ಕಡೆ ಉಳಿದಿದ್ದರೆ ಹತ್ತಿರದ ಕಡಲತೀರದ ಊರು ಬ್ಲ್ಯಾಕ್‌ಪೂಲ್‌ಗೂ ಒಂದು ದಿನ ಎತ್ತಿಡಿ. ಹಿಂದೆ ಈ ಭಾಗದ, ಅಂದರೆ ಲ್ಯಾಂಕಶೈರ್‌ನ, ಬಟ್ಟೆ ಗಿರಣಿಗಳು ವರ್ಷಕ್ಕೊಂದು ವಾರ ಬಾಗಿಲು ಹಾಕುತ್ತಿದ್ದವು. ಆಗ ಊರಿಗೆ ಊರೇ ರೈಲು ಹತ್ತಿ ಇಲ್ಲಿಗೆ ಬರುತ್ತಿತ್ತು. ದುಡಿಯುವ ಜನರಿಗಾಗಿ ಬೆಳೆದ ಊರಿದು. ಹಾಗಾಗಿ ಇಲ್ಲಿ ದುಡ್ಡು ಕೊಡದೆ ಸವಿಯುವಂಥದ್ದೇ ಜಾಸ್ತಿ.

ಹೊರಡುವ ಮುನ್ನ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ. ಉಬ್ಬರ ಜೋರಿದ್ದಾಗ ನೀರು ತಡೆಗೋಡೆಯ ಮೆಟ್ಟಿಲಿಗೇ ಬಡಿಯುತ್ತದೆ, ಕಾಲಿಡಲು ಮರಳೇ ಇರುವುದಿಲ್ಲ. ನೀರು ಇಳಿಯುವ ಹೊತ್ತಿಗೆ ತಲುಪುವಂತೆ ರೈಲು ಹಿಡಿಯಿರಿ. ಇಳಿದ ನೀರಿನ ಹಿಂದೆ ಬಹಳ ದೂರ ಹೋಗಬೇಡಿ, ಸಮತಟ್ಟಾದ ಮರಳಿನ ಮೇಲೆ ಅದು ಬೇಗ ವಾಪಸ್ ಬರುತ್ತದೆ. ಈಜುವುದು ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ. ಬೇಸಿಗೆಯಲ್ಲೂ ಸ್ವೆಟರ್ ಜೊತೆಗಿರಲಿ.

ಮೊಮ್ಮಕ್ಕಳಿದ್ದರೆ ಶುಕ್ರವಾರ ಬೇಡ. ಮರಳಿನ ಮೇಲೆ ಸವಾರಿ ಕೊಡುವ ಕತ್ತೆಗಳಿಗೆ ಅವತ್ತು ರಜೆ! 1942ರಿಂದ ನಡೆದು ಬಂದ ನಿಯಮವಿದು. ಕೆಲಸದ ದಿನಗಳಲ್ಲೂ ಅವಕ್ಕೆ ಊಟಕ್ಕೆ ಒಂದು ಗಂಟೆ ಬಿಡುವುಂಟು. ಎಷ್ಟು ಒಳ್ಳೆಯ ಏರ್ಪಾಡು ಅಲ್ವಾ?

ಆಮೇಲೆ ಟವರ್. ಪ್ಯಾರಿಸ್‌ನ ಐಫೆಲ್ ಗೋಪುರ ನೋಡಿ 1894ರಲ್ಲಿ ಕಟ್ಟಿದ್ದು, ಎತ್ತರ 158 ಮೀಟರ್. ತುದಿಗೆ ಹೋಗಲು ಟಿಕೆಟ್ ದುಬಾರಿ. ಒಂದನ್ನೇ ಆರಿಸಬೇಕೆಂದರೆ ಕೆಳಗಿನ ಬಾಲ್‌ರೂಮ್, ಅಂದರೆ ನೃತ್ಯದ ಹಾಲ್, ಆರಿಸಿ. ಮಹಾಗನಿ, ಓಕ್, ವಾಲ್‌ನಟ್ ಮರದ ಮೂವತ್ತು ಸಾವಿರಕ್ಕೂ ಮೀರಿದ ತುಂಡುಗಳನ್ನು ಜೋಡಿಸಿದ ನೆಲ ಅದು. ವುರ್ಲಿಟ್ಜರ್ ಎಂಬ ಕಂಪನಿಯ ದೊಡ್ಡ ಆರ್ಗನ್ ವಾದ್ಯ ನುಡಿಯುತ್ತಿದ್ದಂತೆ ವಯಸ್ಸಾದ ಜೋಡಿಗಳು ಎದ್ದು ಕುಣಿಯುತ್ತಾರೆ. ಪಕ್ಕದಲ್ಲಿ ಚಹಾ ಕುಡಿಯುತ್ತಾ ಸುಮ್ನೆ ಕೂತು ನೋಡಿ.

ಹಸಿವಾದರೆ ಮೀನು-ಚಿಪ್ಸ್ ಇದ್ದೇ ಇದೆ. ಉತ್ತರ ಇಂಗ್ಲೆಂಡಿನ ಹಲವು ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಗೋಡೆಗೆ ಬೆನ್ನು ಕೊಟ್ಟು ತಿನ್ನಿ.

ಮನೆಗೆ ಒಯ್ಯಲು 'ರಾಕ್' ಮಿಠಾಯಿ. ಕಡ್ಡಿಯನ್ನು ಎಲ್ಲಿ ಕಚ್ಚಿದರೂ ಒಳಗೆ ಊರಿನ ಹೆಸರು ಕಾಣುತ್ತದೆ. ಬಣ್ಣದ ಬಿಸಿ ಸಕ್ಕರೆಪಾಕದ ಪಟ್ಟಿಗಳಿಂದ ಒಂದೊಂದೇ ಅಕ್ಷರ ಕಟ್ಟುತ್ತಾರೆ. ಅವನ್ನು ದಪ್ಪ ದಿಂಡಿನೊಳಗೆ ಜೋಡಿಸಿ, ಇಡೀ ದಿಂಡನ್ನು ಹೆಬ್ಬೆರಳಿನಷ್ಟು ಸಣ್ಣಗಾಗುವವರೆಗೆ ಎಳೆಯುತ್ತಾರೆ.

ಸಮುದ್ರದೊಳಕ್ಕೆ ಚಾಚಿದ ಮೂರು ಪಿಯರ್‌ಗಳಿವೆ, ಅಂದರೆ ಕಂಬಗಳ ಮೇಲೆ ನಿಂತ, ನಡೆದಾಡುವ ಉದ್ದನೆಯ ಕಟ್ಟೆಗಳು. 1863ರ ನಾರ್ತ್ ಪಿಯರ್ ಹಳೆಯದು, ಗದ್ದಲವೂ ಕಡಿಮೆ. ಸಂಜೆಗೆ ಅದೇ ಸರಿ.

ಶರತ್ಕಾಲದಲ್ಲಿ ಹೋದವರು ಕತ್ತಲಾಗುವವರೆಗೆ ಉಳಿಯಲೇಬೇಕು. ಕಡಲ ದಂಡೆಯ ರಸ್ತೆಗೆ ಸುಮಾರು 10 ಕಿಲೋಮೀಟರ್ ದೀಪಾಲಂಕಾರ, ನೋಡಲು ಕಾಸು ಕೊಡಬೇಕಿಲ್ಲ. 1885ರಲ್ಲಿ ಶುರುವಾದ ಟ್ರಾಮ್ ಈಗಲೂ ಓಡುತ್ತಿದೆ. ಅದರಲ್ಲಿ ಉತ್ತರಕ್ಕೆ ಬಿಸ್ಪಮ್‌ವರೆಗೆ ಹೋಗಿ ಇಳಿದು, ಟವರ್ ಕಡೆಗೆ ನಡೆಯುತ್ತಾ ಬನ್ನಿ. ದೊಡ್ಡ ದೀಪಚಿತ್ರಗಳು ಆ ತುದಿಯಲ್ಲೇ ಇವೆ. ಕಾಲು ನೋವು ಬಂದರೆ ಮುಂದಿನ ನಿಲ್ದಾಣದಲ್ಲಿ ಮತ್ತೆ ಟ್ರಾಮ್ ಹತ್ತಿ. ಕೊನೆಯ ರೈಲು ಎಷ್ಟು ಗಂಟೆಗೆಂದು ಬೆಳಿಗ್ಗೆಯೇ ನೋಡಿಟ್ಟುಕೊಂಡಿರಿ.