ಡಬ್ಬಿ ಹುಡುಕುತ್ತಾ ಹಳ್ಳಿ ದಾರಿಯಲ್ಲಿ ಒಂದು ದಿನ

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುವುದು. ಜಿಯೋಕ್ಯಾಶಿಂಗ್ ಎಂದರೆ ಇಷ್ಟೇ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ಕೈಬಿಟ್ಟಿತು. ಅದರ ಬೆನ್ನಲ್ಲೇ ಡೇವ್ ಉಲ್ಮರ್ ಎಂಬಾತ ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ. ಆಟ ಶುರುವಾದದ್ದು ಹಾಗೆ.

ಮೊದಲ ಕೆಲಸ ಹಿಂದಿನ ರಾತ್ರಿಯದು. ಆಟದ ಜಾಲತಾಣದ ಪಟ್ಟಿಯಿಂದ ದಿನಕ್ಕೆ ಎಂಟು ಡಬ್ಬಿ ಆರಿಸಿಕೊಂಡರೆ ಸಾಕು. ಇಪ್ಪತ್ತು ಗುರುತು ಹಾಕಿಕೊಂಡವರು ಕಾರಿನಲ್ಲೇ ಕಾಲ ಕಳೆಯುತ್ತಾರೆ. ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ: ಹುಡುಕುವುದು ಎಷ್ಟು ಕಷ್ಟ, ತಲುಪುವ ನೆಲ ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ. ನೆಲದ ಅಂಕ 3 ದಾಟಿದವನ್ನು ಇನ್ನೊಂದು ದಿನಕ್ಕೆ ಬಿಡಿ. ಹಿಂದೆ ಹೋದವರ ಟಿಪ್ಪಣಿಗಳನ್ನೂ ಓದಿ. ಕೊನೆಯ ಮೂವರು 'ಸಿಗಲಿಲ್ಲ' ಎಂದಿದ್ದರೆ ಡಬ್ಬಿ ಅಲ್ಲಿಲ್ಲವೆಂದೇ ಲೆಕ್ಕ. ಉಳಿದವನ್ನು ನಕ್ಷೆಯ ಸಮೇತ ಮೊಬೈಲಿಗೆ ಇಳಿಸಿಕೊಳ್ಳಿ, ಹಳ್ಳಿಗಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಪೆನ್ನು ಮರೆಯಬೇಡಿ. ಚಿಕ್ಕ ಡಬ್ಬಿಗಳಲ್ಲಿ ಪೆನ್ನಿಗೆ ಜಾಗವೇ ಇರುವುದಿಲ್ಲ.

ಒಬ್ಬರು ಓಡಿಸಲಿ, ಇನ್ನೊಬ್ಬರು ದಾರಿ ನೋಡಲಿ. ಮೊಬೈಲಿನಲ್ಲಿ ಡಬ್ಬಿಯತ್ತ ಬೊಟ್ಟು ಮಾಡುವ ಬಾಣದ ಗುರುತು ತೋರಿಸುವುದು ನೇರ ಗೆರೆಯ ದೂರ. ಇನ್ನೂರು ಮೀಟರ್ ಎಂದು ನಂಬಿ ಇಳಿದು ನಡೆದರೆ ನಡುವೆ ಹಳ್ಳ ಅಡ್ಡ ಬರುತ್ತದೆ, ಸೇತುವೆ ನಾಲ್ಕು ಕಿಲೋಮೀಟರ್ ಆಚೆ. ನಾನು ಒಮ್ಮೆ ಹೀಗೆ ಬೂಟು ನೆನೆಸಿಕೊಂಡಿದ್ದೇನೆ. ವಿವರಣೆಯಲ್ಲಿ ಕಾರು ನಿಲ್ಲಿಸುವ ಜಾಗ ಕೊಟ್ಟಿದ್ದರೆ ಅಲ್ಲೇ ನಿಲ್ಲಿಸಿ. ಹೊಲದ ಗೇಟಿಗೆ ಅಡ್ಡವಂತೂ ಬೇಡ.

ನಿಜವಾದ ಆಟ ಇರುವುದು ಕೊನೆಯ ಹತ್ತು ಹೆಜ್ಜೆಯಲ್ಲಿ. ಬಯಲಿನಲ್ಲೂ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪಬಹುದು, ಮರದಡಿ ಇನ್ನೂ ಹೆಚ್ಚು. ಬಾಣ ಗಿರಗಿರ ಸುತ್ತತೊಡಗಿದರೆ ಮೊಬೈಲನ್ನು ಜೇಬಿಗೆ ಹಾಕಿ. 'ನಾನಾಗಿದ್ದರೆ ಎಲ್ಲಿಡುತ್ತಿದ್ದೆ?' ಎಂದು ಕೇಳಿಕೊಳ್ಳಿ. ಪ್ರಕೃತಿ ಮಾಡದ ಕೆಲಸವನ್ನು ಗಮನಿಸಿ: ಮರದ ಬುಡದಲ್ಲಿ ಸಾಲಾಗಿ ಒರಗಿಸಿಟ್ಟ ಮೂರು ಕಡ್ಡಿ, ಸುತ್ತಲೂ ಪಾಚಿಯಿದ್ದು ತಾನು ಮಾತ್ರ ಬೋಳಾಗಿರುವ ಕಲ್ಲು. ಅಗೆಯಬೇಡಿ, ಡಬ್ಬಿಯನ್ನು ಹೂಳುವುದು ನಿಯಮಕ್ಕೆ ವಿರುದ್ಧ. ಯಾರಾದರೂ ಹಾದು ಹೋಗುತ್ತಿದ್ದರೆ ಡಬ್ಬಿಯ ಗುಟ್ಟು ತಿಳಿಯದಂತೆ ಬೂಟಿನ ಲೇಸು ಕಟ್ಟುತ್ತಾ ಕುಳಿತುಬಿಡಿ.

ಸಿಕ್ಕರೆ ಹೆಸರು, ತಾರೀಖು ಬರೆಯಿರಿ. ಒಳಗಿನ ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಿ. ತಿಂಡಿ ಮಾತ್ರ ಇಡಬೇಡಿ, ವಾಸನೆಗೆ ಪ್ರಾಣಿಗಳು ಡಬ್ಬಿ ಕಚ್ಚಿ ಒಡೆಯುತ್ತವೆ. ಮುಚ್ಚಳ ಬಿಗಿ ಮಾಡಿ. ಸಡಿಲವಾದರೆ ಒಂದೇ ಮಳೆಗೆ ಪುಸ್ತಕ ಮುದ್ದೆಯಾಗುತ್ತದೆ.

ಅರ್ಧ ಗಂಟೆ ತಡಕಿದರೂ ಸಿಗದಿದ್ದರೆ ಮುಂದಿನದಕ್ಕೆ ಹೊರಡಿ. ಆದರೆ ಸಿಗಲಿಲ್ಲವೆಂದು ನಾಚಿಕೆಯಿಲ್ಲದೆ ದಾಖಲಿಸಿ. ಅಂಥ ಎರಡು ಮೂರು ಟಿಪ್ಪಣಿ ಕಂಡಾಗಲೇ ಇಟ್ಟವರು ಹೋಗಿ ನೋಡುವುದು.