ಅಡಿಕೆ ಅಟ್ಟಕ್ಕೆ ಮಳೆಗಂಟೆ ಕಟ್ಟಲು ಹೊರಟ ನಾವು

ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ನಾವು ನಾಲ್ವರು ಒಂದು ಯಂತ್ರ ಮಾಡಿ ಮಾರುವ ಕನಸು ಕಟ್ಟಿದೆವು. ಅಡಿಕೆ ಒಣಗಿಸಲು ಅಂಗಳದಲ್ಲಿ ಕಟ್ಟುವ ಅಟ್ಟದ ಮೇಲೆ ಮಳೆಹನಿ ಬಿದ್ದ ಕೂಡಲೇ ಮನೆಯ ಯಜಮಾನರ ಮೊಬೈಲ್‌ಗೆ ಕರೆ ಹೋಗಬೇಕು. ಸೆನ್ಸರ್, ಸಿಮ್ ಹಾಕುವ ಬೋರ್ಡು, ಬ್ಯಾಟರಿ ಎಲ್ಲವೂ ಸಿದ್ಧ. ಯಂತ್ರಕ್ಕಿಂತ ಮೊದಲೇ ಲೋಗೋ ಸಿದ್ಧವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಪೆಟ್ಟಿಗೆಯ ಅಚ್ಚಿಗೆ ಮುಂಗಡ ಕೊಡಲು ಹೊರಟಾಗ ನಮ್ಮ ಮೇಷ್ಟ್ರು ತಡೆದು, ಮೊದಲು ಹತ್ತು ಮನೆ ಸುತ್ತಿ ಬನ್ನಿ ಎಂದರು.

ತೀರ್ಥಹಳ್ಳಿ ಕಡೆ ನನ್ನ ಅಜ್ಜಿಮನೆ. ಅಲ್ಲಿಂದಲೇ ಶುರು ಮಾಡಿದೆವು. ಯಂತ್ರ ತೋರಿಸುವುದು, ‘ಇದು ನಿಮಗೆ ಬೇಕೇ?’ ಎಂದು ಕೇಳುವುದು. ಆರು ಮನೆಗಳಲ್ಲೂ ‘ಬಹಳ ಚೆನ್ನಾಗಿದೆ, ಮಾಡಿ’ ಎಂದರು. ನಾವು ಹಿಗ್ಗಿದೆವು. ಮಲೆನಾಡಿನಲ್ಲಿ ಕಾಫಿ ಕೊಟ್ಟು ಕೂರಿಸಿದವರು ಮನೆಗೆ ಬಂದ ಹುಡುಗರ ಮುಖಕ್ಕೆ ‘ಬೇಡ’ ಎನ್ನುವುದಿಲ್ಲ ಎಂಬುದು ಅಲ್ಲಿಯೇ ಬೆಳೆದ ನನಗೂ ಹೊಳೆಯಲಿಲ್ಲ.

ಏಳನೆಯ ಮನೆಯ ಅಜ್ಜಿ ಯಂತ್ರವನ್ನು ತಿರುಗಿಸಿ ನೋಡಿ, “ಮಳೆ ಬಂದದ್ದು ನಮಗೆ ಗೊತ್ತಾಗುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು ತಮ್ಮಾ? ಟಾರ್ಪಾಲು ಎಳೆಯಲು ಜನ ಇಲ್ಲ. ನಿಮ್ಮ ಫೋನು ಬಂದು ಎಳೆಯುತ್ತದೆಯೇ?” ಎಂದರು. ಆ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಬೇಲಿಯ ದಣಪೆ ದಾಟಿ ಗುಡ್ಡ ಹತ್ತಬೇಕಿತ್ತು, ಅದು ಬೇರೆ ಮಾತು.

ಅಂದಿನಿಂದ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ‘ಬೇಕೇ’, ‘ಕೊಳ್ಳುತ್ತೀರಾ’ ಎಂಬ ಪ್ರಶ್ನೆಗಳನ್ನೂ ಬಿಟ್ಟೆವು. ಕಳೆದ ಕೊಯ್ಲಿನಲ್ಲಿ ಏನೇನು ತೊಂದರೆಯಾಯಿತು, ಆಗ ಏನು ಮಾಡಿದಿರಿ, ಅದಕ್ಕೆ ಎಷ್ಟು ಖರ್ಚಾಯಿತು ಎಂದಷ್ಟೇ ಕೇಳಿದೆವು. ಒಬ್ಬ ಕೇಳುವುದು, ಒಬ್ಬ ಬರೆದುಕೊಳ್ಳುವುದು. ಉಳಿದಿಬ್ಬರು ಬಾಯಿ ಮುಚ್ಚಿಕೊಂಡಿರುವುದು. ಈ ಕೊನೆಯದೇ ಕಷ್ಟವಾಯಿತು.

ಅಡಿಕೆ ಸುಲಿಯುವ ಯಂತ್ರಗಳು ಬಂದಿದ್ದರೂ ಕೈಯಲ್ಲೇ ಸುಲಿಸುವ ಮನೆಗಳು ಇನ್ನೂ ಇದ್ದವು. ಅಂಥ ಒಂದು ಮನೆಗೆ ರಾತ್ರಿ ಹೋಗಿ ಕುಳಿತೆವು. ಜಗುಲಿಗೆ ಒಂದೇ ಬಲ್ಬು. ಎಂಟು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕುಳಿತಿದ್ದರು. ಬೆರಳೆಲ್ಲ ಅಡಿಕೆಯ ಚೊಗರು ರಸದಿಂದ ಕಪ್ಪಾಗಿತ್ತು. ಕೂಲಿ ಕಿಲೋ ಲೆಕ್ಕದಲ್ಲಿ. ಕೊನೆಗೆ ಬುಟ್ಟಿಗಳನ್ನು ಒಂದೊಂದಾಗಿ ತೂಗಿದರು. ಯಜಮಾನರು ತಕ್ಕಡಿ ನೋಡಿ ಕೂಗಿ ಹೇಳಿದರು, ಸೊಸೆ ನೋಟುಪುಸ್ತಕದಲ್ಲಿ ಬರೆದುಕೊಂಡಳು. ‘ಹದಿನಾಲ್ಕೂವರೆ’ ಎಂದದ್ದು ಪುಸ್ತಕದಲ್ಲಿ 14 ಆಯಿತು. ಬುಟ್ಟಿಯವಳು ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಹಿಂತಿರುಗುವ ದಾರಿಯಲ್ಲಿ ಮಾತ್ರ ಆ ಅರ್ಧ ಕಿಲೋವಿನ ಮಾತನ್ನು ಮೂರು ಸಲ ಎತ್ತಿದಳು. ಮಳೆಯ ಬಗ್ಗೆ ಅಷ್ಟು ದಿನ ಕೇಳಿದರೂ ಯಾರೂ ಒಂದು ಸಲವೂ ತಾವಾಗಿ ಮಾತೆತ್ತಿರಲಿಲ್ಲ.

ಮಳೆಗಂಟೆ ಅಲ್ಲಿಗೇ ಮೂಲೆ ಸೇರಿತು. ಒಬ್ಬೊಬ್ಬರ ತೂಕವನ್ನು ಹೆಸರಿನ ಜೊತೆ ನೆನಪಿಟ್ಟುಕೊಂಡು ಚೀಟಿ ಕೊಡುವ ತಕ್ಕಡಿಯ ಚಿತ್ರವನ್ನು ಕಾಗದದ ಮೇಲೆ ಬರೆದು ಅದೇ ಮನೆಗಳಿಗೆ ಮತ್ತೆ ಹೋದೆವು. ಈ ಸಲ ಹೊಗಳಿಕೆಯನ್ನು ನಂಬದೆ, ಬೇಕಾದವರು 500 ರೂಪಾಯಿ ಮುಂಗಡ ಕೊಡಬೇಕು ಎಂದೆವು. ಹೊಗಳಿದವರು ಒಂಬತ್ತು ಮಂದಿ ಯಜಮಾನರು, ಕೊಟ್ಟವರು ಒಬ್ಬರೇ.

ಎರಡನೆಯ ಮುಂಗಡ ಬಂದದ್ದು ನಾವು ಗಿರಾಕಿಯೆಂದು ಎಣಿಸಿಯೇ ಇರದವರಿಂದ. ಸುಲಿಯುವ ತಂಡ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗುವ ಅಕ್ಕ ಅವರು. ಆ ತಕ್ಕಡಿ ಅವರಿಗೆ ಸ್ವಂತಕ್ಕೇ ಬೇಕಿತ್ತು. ಚಿತ್ರವನ್ನು ನೋಡಿ ಚೀಟಿಯ ಭಾಗಕ್ಕೆ ಬೆರಳಿಟ್ಟರು. “ಒದ್ದೆ ಕೈಯಲ್ಲಿ ಈ ಕಾಗದ ಎಷ್ಟು ಹೊತ್ತು ಉಳಿಯುತ್ತದೆ? ಇದನ್ನು ತೆಗೆದುಹಾಕಿ. ಅಂಕಿ ದೊಡ್ಡದಾಗಿರಲಿ, ನಾವು ಕುಳಿತ ಕಡೆಗೂ ಕಾಣಲಿ.”

ಕಿರಾಣಿ ಅಂಗಡಿಯ ತಕ್ಕಡಿಗೆ ಎರಡೂ ಕಡೆ ಅಂಕಿ ಇರುವುದನ್ನು ನಾಲ್ವರೂ ದಿನಾ ನೋಡಿದ್ದೆವು. ನಮ್ಮ ಚಿತ್ರದಲ್ಲಿ ಅದು ಯಜಮಾನರ ಕಡೆಗೆ ಮಾತ್ರ ಇತ್ತು.